ಪೊಸಕೊನಜೋಲ್ ಮಾತ್ರೆ: ಟ್ರಾನ್ಸ್‌ಪ್ಲಾಂಟ್ ಆದವರ ಮನೆಯಿಂದ ಒಂದು ರಿವ್ಯೂ

ಪೊಸಕೊನಜೋಲ್ ಅಂದರೆ ಮೈಯೊಳಗೆ ಫಂಗಸ್ (ಬೂಷ್ಟು) ಇಳಿಯದ ಹಾಗೆ ತಡೆಯುವ ಮಾತ್ರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಬೆಲೆಗೆ, ಜೊತೆಗೆ ಅಂಗಡಿಯವರು ಹೇಳದ ಇನ್ನೊಂದು ಖರ್ಚಿಗೆ. ಆ ಖರ್ಚು ರಕ್ತದಲ್ಲಿ ಮಾತ್ರೆಯ ಲೆವೆಲ್ ನೋಡುವ ಟೆಸ್ಟಿನದು. ಅದನ್ನು ಮಾಡಿಸದೆ ಸುಮ್ನೆ ನುಂಗಿಸುತ್ತಾ ಹೋದರೆ ಔಷಧ ಮೈಗೆ ಹತ್ತುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಇಷ್ಟು ಉದ್ದ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ನಾನು ಡಾಕ್ಟರ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ತಮ್ಮನಿಗೆ ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್ ಬಂತು, ಕೀಮೋ ಆಯಿತು, ಆಮೇಲೆ ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್, ಅಂದರೆ ಹೊಸ ರಕ್ತ ಹುಟ್ಟಿಸಲು ದಾನಿಯ ಮೂಲಕೋಶ ಹಾಕುವುದು. ದಾನಿ ನಾನೇ. ನನ್ನ ಸೆಲ್ಲುಗಳು ಅವನ ಮೈಯಲ್ಲಿ ಚೆನ್ನಾಗಿಯೇ ಬೇರು ಬಿಟ್ಟವು, ಕೌಂಟ್ (ಬಿಳಿ ರಕ್ತಕಣಗಳ ಲೆಕ್ಕ) ಮೇಲೆ ಬಂತು, ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಅದೇ ಸೆಲ್ಲುಗಳು ಅವನ ಚರ್ಮದ ಮೇಲೆ, ಕರುಳಿನ ಮೇಲೆ ತಿರುಗಿಬಿದ್ದವು. ಇದಕ್ಕೆ ಜಿವಿಎಚ್‌ಡಿ ಅನ್ನುತ್ತಾರೆ. 'ನೀನು ಚಿಕ್ಕಂದಿನಿಂದಲೂ ಹೀಗೇ ಅಲ್ವಾ ಅಕ್ಕ, ಮೊದಲು ಕೊಡೋದು, ಆಮೇಲೆ ಜಗಳ ತೆಗೆಯೋದು' ಅಂತ ಅವನು ಈಗಲೂ ಅನ್ನುತ್ತಾನೆ. ಅದನ್ನು ಅಡಗಿಸಲು ಸ್ಟಿರಾಯ್ಡ್ ಶುರು ಮಾಡಿದರು. ಸ್ಟಿರಾಯ್ಡಿನ ಚೀಟಿಯಲ್ಲೇ ಈ ಮಾತ್ರೆಯೂ ಬಂತು.

ಯಾಕೆ ಬೇಕು ಅಂತ ಮೊದಲು ಹೇಳುತ್ತೇನೆ. ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಬೀಜಾಣು ಎಲ್ಲ ಕಡೆ ಇದೆ. ಮಣ್ಣಿನಲ್ಲಿ, ತರಗೆಲೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ, ಒಡೆಯುತ್ತಿರುವ ಹಳೇ ಗೋಡೆಯ ಧೂಳಿನಲ್ಲಿ. ಗಾತ್ರ ಎರಡು ಮೂರು ಮೈಕ್ರಾನ್ ಅಷ್ಟೇ, ಹಾಗಾಗಿ ನೇರ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ನಾವು ನೀವು ದಿನವೂ ಅದನ್ನು ಉಸಿರಾಡುತ್ತೇವೆ, ಏನೂ ಆಗುವುದಿಲ್ಲ, ಯಾಕೆಂದರೆ ಬಿಳಿ ರಕ್ತಕಣ ಅದನ್ನು ತಿಂದು ಮುಗಿಸುತ್ತದೆ. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಅಪಾಯದ ಕಾಲ ಎರಡು. ಮೊದಲನೆಯದು ಕೌಂಟ್ ಸೊನ್ನೆಯಾಗಿರುವ ಆ ಮೊದಲ ವಾರಗಳು. ಆಗ ರೋಗಿ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ (ಬಿಎಂಟಿ) ರೂಮಿನಲ್ಲಿ ಇರುತ್ತಾರೆ, ಬೀಜಾಣು ಸೋಸುವ ಹೆಪಾ ಫಿಲ್ಟರಿನ ಗಾಳಿ, ಬಾಗಿಲು ತೆಗೆದರೆ ಒಳಗಿನ ಗಾಳಿ ಹೊರಗೆ ತಳ್ಳುವ ಹಾಗೆ ಒತ್ತಡ, ಹೂವಿಲ್ಲ, ಗಿಡವಿಲ್ಲ. ಎರಡನೆಯದು ಜಿವಿಎಚ್‌ಡಿ ಬಂದು ಸ್ಟಿರಾಯ್ಡ್ ತೆಗೆದುಕೊಳ್ಳುವ ತಿಂಗಳುಗಳು. ಕೌಂಟ್ ಪೇಪರಿನ ಮೇಲೆ ಚೆನ್ನಾಗಿ ಕಾಣುತ್ತಿರುತ್ತದೆ, ಆದರೆ ಕಣಗಳಿಗೆ ಕೆಲಸ ಮಾಡುವ ಶಕ್ತಿ ಇರುವುದಿಲ್ಲ. ಆಗ ರೋಗಿ ಎಲ್ಲಿರುತ್ತಾರೆ? ಮನೆಯಲ್ಲಿ. ಅಥವಾ ನಮ್ಮ ಹಾಗೆ ಆಸ್ಪತ್ರೆ ಹತ್ತಿರದ ಬಾಡಿಗೆ ಮನೆಯಲ್ಲಿ, ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿರುವಾಗ.

ಕೌಂಟ್ ಬಂದರೆ ಗೆದ್ದೆವು ಅಂತ ಎಷ್ಟೋ ಮನೆಯವರು ಅಂದುಕೊಂಡಿರುತ್ತಾರೆ. ಈ ಎರಡನೇ ಕಾಲವನ್ನು ಯಾರೂ ಎಚ್ಚರಿಕೆಯಿಂದ ಹೇಳುವುದಿಲ್ಲ ಅನ್ನುವುದೇ ನನ್ನ ತಕರಾರು.

ಅಮೆರಿಕದ 23 ಟ್ರಾನ್ಸ್‌ಪ್ಲಾಂಟ್ ಕೇಂದ್ರಗಳು ಸೇರಿ 2001ರಿಂದ 2006ರವರೆಗೆ ಲೆಕ್ಕ ಇಟ್ಟಿದ್ದವು. ಸ್ಟೆಮ್ ಸೆಲ್ ಹಾಕಿಸಿಕೊಂಡವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಮೂರು ಚಿಲ್ಲರೆ ಜನಕ್ಕೆ ಇಂಥ ಒಳಗಿಳಿಯುವ ಫಂಗಸ್ ಬಂದಿತ್ತು. ಅದರಲ್ಲಿ ಜಾಸ್ತಿ ಆಸ್ಪರ್ಜಿಲಸ್, ಆಮೇಲೆ ಕ್ಯಾಂಡಿಡಾ ಅನ್ನುವ ಯೀಸ್ಟ್, ಅದರ ಹಿಂದೆ ಮ್ಯೂಕರ್ ಅನ್ನುವ ಇನ್ನೊಂದು ಬೂಷ್ಟು. ಓ, ಮೂರೇನಾ ಅನ್ನಿಸಬಹುದು. ಆದರೆ ಆಸ್ಪರ್ಜಿಲಸ್ ಬಂದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನಾಲ್ವರಲ್ಲಿ ಒಬ್ಬರು. ಎಲ್ಲ ಸಾವೂ ಫಂಗಸ್‌ನಿಂದಲೇ ಆಯಿತು ಅಂತಲ್ಲ, ಹಳೇ ಲೆಕ್ಕ ಬೇರೆ. ಆದರೂ ಬಂದ ಮೇಲೆ ನೋಡಿಕೊಳ್ಳೋಣ ಅನ್ನುವ ಕಾಯಿಲೆ ಇದಲ್ಲ. ನಾವು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಅಪ್ಪನಿಗೆ ಇದನ್ನು ವಿವರಿಸಲು ಕಷ್ಟವೇ ಆಗಲಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆಯೇ ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಬೋರ್ಡೋ ಹೊಡೆಸಬೇಕು, ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಆ ಗೊನೆ ಹೋದಂತೆಯೇ. 'ಹಾಗಾದರೆ ಇದು ಮುಂಗಾರಿನ ಔಷಧಿ' ಅಂದರು ಅಪ್ಪ. ಅಷ್ಟೇ.

ಇದಕ್ಕೂ ಮುಂಚೆ ತಮ್ಮ ಫ್ಲುಕೊನಜೋಲ್ ಅನ್ನುವ ಇನ್ನೊಂದು ಫಂಗಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಅದು ಒಳ್ಳೆಯ ಮಾತ್ರೆ, ಅಗ್ಗ, ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಇದನ್ನು ಮುಂಚಿತವಾಗಿ ಕೊಟ್ಟರೆ ಲಾಭ ಇದೆ ಅಂತ 1992ರಲ್ಲೇ ತೋರಿಸಿದ್ದರು. ಕ್ಯಾಂಡಿಡಾದ ಹೆಚ್ಚಿನ ಜಾತಿಗಳಿಗೆ ಅದು ಸಾಕು (ಕ್ಯಾಂಡಿಡಾ ಗಾಳಿಯಲ್ಲಿ ಬರುವುದಲ್ಲ, ನಮ್ಮದೇ ಕರುಳಿನಲ್ಲಿ, ಚರ್ಮದ ಮೇಲೆ ಇರುವುದು). ಆದರೆ ಬೂಷ್ಟಿನ ಜಾತಿಯವಕ್ಕೆ, ಅಂದರೆ ಆಸ್ಪರ್ಜಿಲಸ್, ಮ್ಯೂಕರ್‌ಗೆ, ಫ್ಲುಕೊನಜೋಲ್ ಲೆಕ್ಕಕ್ಕೇ ಇಲ್ಲ. 'ಆ್ಯಂಟಿ ಫಂಗಲ್ ತೆಗೆದುಕೊಳ್ಳುತ್ತಿದ್ದೇವಲ್ಲ' ಅಂತ ನೆಮ್ಮದಿಯಾಗಿರುವವರು ಚೀಟಿ ತೆಗೆದು ಯಾವುದು ಅಂತ ಒಮ್ಮೆ ನೋಡಿ.

ಪೊಸಕೊನಜೋಲ್ ಬೂಷ್ಟನ್ನೂ ತಡೆಯುತ್ತದೆ. 2007ರಲ್ಲಿ ಜಿವಿಎಚ್‌ಡಿ ಇದ್ದ 600 ಜನರ ಮೇಲೆ ಎರಡನ್ನೂ ಹೋಲಿಸಿದ ಪರೀಕ್ಷೆ ಪ್ರಕಟವಾಯಿತು. ಆಸ್ಪರ್ಜಿಲಸ್ ಬಂದದ್ದು ಫ್ಲುಕೊನಜೋಲ್ ಗುಂಪಿನಲ್ಲಿ ನೂರಕ್ಕೆ 7, ಇದರಲ್ಲಿ 2.3. ಫಂಗಸ್‌ನಿಂದ ಸತ್ತವರು ನೂರಕ್ಕೆ 4ರ ಬದಲು 1. ಒಟ್ಟು ಸಾವು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು, ಅದನ್ನೂ ಹೇಳಬೇಕು. ಜಿವಿಎಚ್‌ಡಿಯನ್ನೋ ಕ್ಯಾನ್ಸರನ್ನೋ ಈ ಮಾತ್ರೆ ತಡೆಯುವುದಿಲ್ಲ. ತನ್ನ ಕೆಲಸ ಮಾತ್ರ ಮಾಡುತ್ತದೆ.

ಈಗ ವಸ್ತುವಿನ ವಿಷಯಕ್ಕೆ ಬರುತ್ತೇನೆ. ಬಾಯಿಂದ ತೆಗೆದುಕೊಳ್ಳಲು ಇದು ಮುಖ್ಯವಾಗಿ ಎರಡು ರೂಪದಲ್ಲಿ ಬರುತ್ತದೆ, ಸಿರಪ್ ಮತ್ತು ಮಾತ್ರೆ. ಆ 2007ರ ಪರೀಕ್ಷೆಯೆಲ್ಲ ಸಿರಪ್ಪಿನದು, ದಿನಕ್ಕೆ ಮೂರು ಸಲ, ಒಂದು ಸಲಕ್ಕೆ 200 ಮಿಲಿಗ್ರಾಂ. ಸಿರಪ್ಪಿನ ಕಷ್ಟ ಏನೆಂದರೆ ಎಣ್ಣೆ ತುಪ್ಪ ಇರುವ ಊಟದ ಜೊತೆ ಕುಡಿದರೆ ಮಾತ್ರ ಚೆನ್ನಾಗಿ ಹತ್ತುತ್ತದೆ. ಹೊಟ್ಟೆಯ ಹುಳಿ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆಗಲೂ ಸಿರಪ್ ಸರಿಯಾಗಿ ಹತ್ತುವುದಿಲ್ಲ. ಬಾಯಿ ತುಂಬಾ ಹುಣ್ಣಾಗಿ ಎರಡು ಚಮಚ ಗಂಜಿ ಇಳಿಯದವನಿಗೆ ಮೂರು ಹೊತ್ತು ತುಪ್ಪದ ಊಟ ಮಾಡು ಅಂದರೆ ಹೇಗೆ? ಮಾತ್ರೆ ಬಂದದ್ದು ಆಮೇಲೆ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಒಂದೊಂದು 100 ಮಿಲಿಗ್ರಾಂ. ಮೊದಲ ದಿನ ಬೆಳಿಗ್ಗೆ ಮೂರು, ರಾತ್ರಿ ಮೂರು, ಮಾರನೇ ದಿನದಿಂದ ದಿನಕ್ಕೆ ಒಂದೇ ಸಲ ಮೂರು. ಊಟದ ಜೊತೆಗೇ ತೆಗೆದುಕೊಳ್ಳಬೇಕು, ಆದರೆ ಸಿರಪ್ಪಿನಷ್ಟು ಹಟ ಇಲ್ಲ. ಹುಳಿ ಕಡಿಮೆ ಮಾಡುವ ಮಾತ್ರೆಯೂ ಅಷ್ಟಾಗಿ ಅಡ್ಡ ಬರುವುದಿಲ್ಲ. ಡಾಕ್ಟರ್ ಸಿರಪ್ ಬರೆದಿದ್ದರೆ, ರೋಗಿ ನುಂಗಬಲ್ಲವರಾದರೆ, ಮಾತ್ರೆ ಆಗುತ್ತದಾ ಅಂತ ಕೇಳಿ. ಮಿಲಿಗ್ರಾಂ ಲೆಕ್ಕ ಎರಡಕ್ಕೂ ಬೇರೆ, ನೀವೇ ಅದಲುಬದಲು ಮಾಡಲು ಹೋಗಬೇಡಿ.

ನುಂಗುವುದು ಸುಲಭವಲ್ಲ. ಮಾತ್ರೆ ಉದ್ದ, ದಪ್ಪ, ಮೂರು ಬೇರೆ. ಮುರಿಯುವಂತಿಲ್ಲ, ಪುಡಿ ಮಾಡುವಂತಿಲ್ಲ, ಅಗಿಯುವಂತಿಲ್ಲ, ಯಾಕೆಂದರೆ ಹೊಟ್ಟೆ ದಾಟಿ ಕರುಳಿಗೆ ಹೋದ ಮೇಲೆ ಕರಗುವ ಹಾಗೆ ಮಾಡಿರುತ್ತಾರೆ. ಅಮ್ಮ ಒಂದು ದಿನ ಬಾಳೆಹಣ್ಣಿನಲ್ಲಿ ಕಿವುಚಿ ಕೊಡಲು ಹೊರಟಿದ್ದರು, ತಮ್ಮನೇ ತಡೆದ. ಕೊನೆಗೆ ಮಧ್ಯಾಹ್ನದ ಊಟದ ನಡುವೆ, ಬಿಸಿ ಅನ್ನ, ತುಪ್ಪ, ತೊವ್ವೆ ನಾಲ್ಕು ತುತ್ತು ಹೋದ ಮೇಲೆ ಒಂದೊಂದಾಗಿ ನುಂಗುವುದು ಅಂತಾಯಿತು. ರುಚಿ ಇಲ್ಲ, ವಾಸನೆ ಇಲ್ಲ. ವಾಂತಿ ಕೀಮೋ ಕಾಲದಷ್ಟು ಇರಲಿಲ್ಲ.

ಇಷ್ಟರವರೆಗೆ ಐದು ಸ್ಟಾರ್.

ಈಗ ಲೆವೆಲ್. ತಮ್ಮನಿಗೆ ಕರುಳಿನ ಜಿವಿಎಚ್‌ಡಿ, ಭೇದಿ ನಿಲ್ಲುತ್ತಲೇ ಇರಲಿಲ್ಲ. ಮಾತ್ರೆ ತಪ್ಪದೆ ನುಂಗುತ್ತಿದ್ದ. ಪೊಸಕೊನಜೋಲ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಒಂದು ವಾರ ಬೇಕು, ಆಮೇಲೆ ಆ ದಿನದ ಮಾತ್ರೆ ನುಂಗುವ ಮುಂಚೆ ರಕ್ತ ತೆಗೆದು ನೋಡಬೇಕು. ತಡೆಗಟ್ಟಲು ಕೊಡುತ್ತಿದ್ದರೆ ಒಂದು ಮಿಲಿಲೀಟರಿಗೆ 0.7 ಮೈಕ್ರೋಗ್ರಾಂ ದಾಟಬೇಕು, ಫಂಗಸ್ ಬಂದು ಚಿಕಿತ್ಸೆಗೆ ಕೊಡುತ್ತಿದ್ದರೆ 1ಕ್ಕಿಂತ ಮೇಲಿರಬೇಕು. ನಮ್ಮ ಆಸ್ಪತ್ರೆಯಲ್ಲಿ ಈ ಟೆಸ್ಟ್ ಇರಲಿಲ್ಲ, ಹೊರಗಿನ ಲ್ಯಾಬಿಗೆ ಕಳಿಸುತ್ತಿದ್ದರು. ನಾನು ಕೇಳಿದ ಮೇಲೆ ಕಳಿಸಿದರು ಅನ್ನುವುದು ಸರಿ. ರಿಪೋರ್ಟ್ ಬರಲು ವಾರವೇ ಹಿಡಿಯಿತು, ನಡುವೆ ಎರಡು ಸಲ ಫೋನ್ ಮಾಡಿದರೆ 'ಸ್ಯಾಂಪಲ್ ಪ್ರೋಸೆಸ್‌ನಲ್ಲಿದೆ ಮೇಡಂ' ಅನ್ನುವ ಒಂದೇ ಉತ್ತರ. ಬಂದಾಗ 0.4. ಇಷ್ಟು ದುಬಾರಿ ಮಾತ್ರೆ, ಹೊತ್ತು ಹೊತ್ತಿಗೆ, ತುಪ್ಪ ಅನ್ನದ ಜೊತೆ, ಆದರೂ ಅರ್ಧ ಮಟ್ಟಕ್ಕೆ ಸ್ವಲ್ಪ ಮೇಲಷ್ಟೇ. ಭೇದಿಯಲ್ಲಿ ಹೋಗುತ್ತಿತ್ತು, ಅಷ್ಟೇ. ಡಾಕ್ಟರ್ ಮೂರರ ಬದಲು ನಾಲ್ಕು ಮಾಡಿದರು, ಮತ್ತೆ ನೋಡಿದಾಗ ಒಂದರ ಹತ್ತಿರ ಬಂತು. ನೋಡದೆ ಇದ್ದಿದ್ದರೆ ಬಿಲ್ಲು ಕಟ್ಟುತ್ತಾ, ಸುರಕ್ಷಿತ ಅಂದುಕೊಳ್ಳುತ್ತಾ ಇರುತ್ತಿದ್ದೆವು. ಭೇದಿ ಇರುವವರು, ಊಟ ಸೇರದವರು, ತೂಕ ಜಾಸ್ತಿ ಇರುವವರು ಈ ಟೆಸ್ಟ್ ಕೇಳಿಯೇ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನೊಂದು ಕಥೆ ಟ್ಯಾಕ್ರೋದ್ದು. ದಾನಿಯ ಸೆಲ್ಲುಗಳು ತಿರುಗಿಬೀಳದ ಹಾಗೆ ಅಡಗಿಸಲು ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ಬಹಳ ಜನ ಟ್ಯಾಕ್ರೊಲಿಮಸ್ (ಟ್ಯಾಕ್ರೋ) ಅಥವಾ ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುತ್ತಾರೆ. ಅವನ್ನು ಲಿವರ್ ಒಡೆದು ಹಾಕುವ ದಾರಿಗೆ ಪೊಸಕೊನಜೋಲ್ ಅಡ್ಡ ನಿಲ್ಲುತ್ತದೆ. ಹಾಗಾಗಿ ಇದು ಶುರುವಾದ ತಕ್ಷಣ ಟ್ಯಾಕ್ರೋ ಲೆವೆಲ್ ಏರುತ್ತದೆ. ಟ್ಯಾಕ್ರೋ ಡೋಸನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು ರೂಢಿ, ನಮ್ಮಲ್ಲೂ ಹಾಗೇ ಮಾಡಿದರು. ನಾಲ್ಕು ಮಾತ್ರೆ ಮಾಡಿ ಪೊಸ ಲೆವೆಲ್ ಮೇಲೆ ಬಂದಾಗ ಟ್ಯಾಕ್ರೋನೂ ಮತ್ತೆ ಏರಿತು, ತಮ್ಮನ ಕೈ ನಡುಗಿ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಏರಿತು. ಡೋಸ್ ಇಳಿಸಿದ ಮೇಲೆ ಸರಿಹೋಯಿತು. ಇದರ ಉಲ್ಟಾ ಕೂಡ ನಿಜ, ಅದನ್ನು ಯಾರೂ ಹೇಳುವುದಿಲ್ಲ: ಸ್ಟಾಕ್ ಇಲ್ಲ ಅಂತಲೋ ದುಡ್ಡಿಲ್ಲ ಅಂತಲೋ ನಾಲ್ಕು ದಿನ ಪೊಸಕೊನಜೋಲ್ ಬಿಟ್ಟರೆ ಟ್ಯಾಕ್ರೋ ನಿಧಾನಕ್ಕೆ ಕುಸಿಯುತ್ತದೆ, ಆಗ ಜಿವಿಎಚ್‌ಡಿ ಮತ್ತೆ ತಲೆ ಎತ್ತಬಹುದು. ಒಂದು ಮಾತ್ರೆ ತಪ್ಪಿಸಿದರೆ ಕಷ್ಟ ಎರಡು ಕಡೆಯಿಂದ. ಬಿಡುವುದಾದರೂ ಡಾಕ್ಟರಿಗೆ ಹೇಳಿ ಬಿಡಿ.

ಚಕ್ಕೋತ ತಿನ್ನಬೇಡಿ ಅಂದಿದ್ದು ಕೂಡ ಟ್ಯಾಕ್ರೋ ಕಾರಣಕ್ಕೇ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರು, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಅವು ಪೊಸ ಲೆವೆಲ್ಲನ್ನೇ ಇಳಿಸಿಬಿಡುತ್ತವೆ. ಕೊಲೆಸ್ಟರಾಲ್‌ಗೆ ಅಟೊರ್ವಾಸ್ಟಾಟಿನ್ ನುಂಗುವವರೂ ಹೇಳಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ.

ಅಡ್ಡ ಪರಿಣಾಮ ನಮಗೆ ಕಂಡದ್ದು ಎರಡು. ಪೊಟ್ಯಾಷಿಯಂ ಇಳಿಯಿತು, ಬಿಪಿ ಏರಿತು. ಇವೆರಡೂ ಒಟ್ಟಿಗೆ ಬಂದರೆ ಈ ಮಾತ್ರೆಯ ಕಡೆ ಒಮ್ಮೆ ನೋಡಬೇಕಂತೆ. ಎಳನೀರು ಕೊಡಲಾ ಅಂತ ಅಮ್ಮ ಕೇಳಿದ್ದಕ್ಕೆ ನರ್ಸ್ ನಕ್ಕು, ಮೊದಲು ಟೆಸ್ಟ್ ಮಾಡಿಸಿ ಅಮ್ಮಾ, ಟ್ಯಾಕ್ರೋ ಪೊಟ್ಯಾಷಿಯಂ ಏರಿಸುತ್ತದೆ, ಇದು ಇಳಿಸುತ್ತದೆ, ನೀವು ನಡುವೆ ಬರಬೇಡಿ ಅಂದರು. ಲಿವರ್ ಟೆಸ್ಟ್ ಆಗಾಗ ಇರುತ್ತದೆ. ವಾಂತಿಗೆ ಒಂಡಾನ್ಸೆಟ್ರಾನ್ ಜೊತೆಗಿದ್ದರೆ ಇಸಿಜಿ ಕೂಡ, ಎರಡೂ ಹೃದಯದ ಬಡಿತದ ಲಯದ ಮೇಲೆ ಕೆಲಸ ಮಾಡುತ್ತವೆ.

ವೊರಿಕೊನಜೋಲ್ ಅನ್ನುವ ಇನ್ನೊಂದು ಫಂಗಸ್ ಮಾತ್ರೆ ಯಾಕಲ್ಲ ಅಂತ ಕೇಳಬಹುದು, ಅದು ಇದಕ್ಕಿಂತ ಅಗ್ಗ. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಇನ್ನೊಬ್ಬ ರೋಗಿ ಅದರ ಮೇಲಿದ್ದರು. ಆಸ್ಪರ್ಜಿಲಸ್ ಬಂದ ಮೇಲೆ ಚಿಕಿತ್ಸೆಗೆ ಅದಕ್ಕೆ ದೊಡ್ಡ ಹೆಸರಿದೆ, 2002ರಿಂದಲೂ. ಆದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಇದಕ್ಕೆ ಪೂರ್ತಿ ವಿರುದ್ಧ. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಬೆಳಕು ಕುಣಿದಂತೆ, ಬಣ್ಣ ಬೇರೆ ಬೇರೆ ಕಂಡಂತೆ ಆಗುತ್ತದೆ ಅನ್ನುತ್ತಿದ್ದರು, ಅದು ಗೊತ್ತಿರುವ ಪರಿಣಾಮವೇ. ಬಿಸಿಲಿಗೆ ಚರ್ಮ ಸುಡುತ್ತದೆ. ಎಲ್ಲಕ್ಕಿಂತ ಮುಖ್ಯ, ಮ್ಯೂಕರ್‌ಗೆ ಅದು ನಾಟುವುದಿಲ್ಲ. 2021ರಲ್ಲಿ ಕೋವಿಡ್ ಹಿಂದೆ ಬಂದ ಬ್ಲ್ಯಾಕ್ ಫಂಗಸ್ ನೆನಪಿದೆಯಲ್ಲ, ಅದೇ ಮ್ಯೂಕರ್. ಆಗ ಲೈಪೊಸೋಮಲ್ ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಜನ ಊರೂರು ಅಲೆದಿದ್ದರು. ಸ್ಟಿರಾಯ್ಡ್ ಇದ್ದು, ಅದರಿಂದ ಶುಗರ್ ಏರಿರುವ ರೋಗಿಗೆ ಮ್ಯೂಕರ್ ಭಯ ನಮ್ಮ ದೇಶದಲ್ಲಿ ಸಣ್ಣದಲ್ಲ. ಪೊಸಕೊನಜೋಲ್ ಅದರ ಮೇಲೂ ಕೆಲಸ ಮಾಡುತ್ತದೆ. ನಮ್ಮ ಡಾಕ್ಟರ್ ಇದನ್ನು ಆರಿಸಲು ಕೊಟ್ಟ ಕಾರಣ ಇದು.

ಬೆಲೆ. ತಿಂಗಳಿಗೆ ಹತ್ತಾರು ಸಾವಿರ. ಪ್ಯಾಕೆಟ್ ಮೇಲಿನ ಎಂಆರ್‌ಪಿ ನೋಡಿ ಎದೆ ಒಡೆದುಕೊಳ್ಳಬೇಡಿ, ಕ್ಯಾನ್ಸರ್ ಔಷಧಿಗಳ ಅಂಗಡಿಯಲ್ಲಿ ಅದಕ್ಕೂ ನಿಜವಾದ ಬೆಲೆಗೂ ಬಹಳ ಅಂತರ ಇರುತ್ತದೆ. ಆಸ್ಪತ್ರೆಯೊಳಗಿನ ಫಾರ್ಮಸಿಯಲ್ಲಿ ಎಂಆರ್‌ಪಿಗೇ ಕೊಡುತ್ತಿದ್ದರು, ಕೇಳಿದರೆ ರೂಲ್ಸ್ ಅನ್ನುತ್ತಿದ್ದರು. ಹೊರಗಿನ ಸಗಟು ಅಂಗಡಿಯಲ್ಲಿ, ಬೇರೆ ಕಂಪನಿಯ ಅದೇ ಮಾತ್ರೆ, ಬಹಳ ಕಡಿಮೆಗೆ ಸಿಕ್ಕಿತು. ಡಾಕ್ಟರಿಗೆ ಕಂಪನಿ ಹೆಸರು ತೋರಿಸಿ ಒಪ್ಪಿಗೆ ಕೇಳಿದೆ, ಆಮೇಲೆ ಲೆವೆಲ್ ಇನ್ನೊಮ್ಮೆ ನೋಡಿಸಿದೆ. ಲೆವೆಲ್ ಸರಿ ಇತ್ತು, ಮುಗಿಯಿತು. ಬ್ರ್ಯಾಂಡ್ ಬಗ್ಗೆ ಗುಂಪುಗಳಲ್ಲಿ ನಡೆಯುವ ವಾದಕ್ಕೆಲ್ಲ ಉತ್ತರ ಆ ಒಂದು ಸಂಖ್ಯೆ. ಇನ್ಶೂರೆನ್ಸ್ ಇದ್ದರೆ ಡಿಸ್ಚಾರ್ಜ್ ಆದ ಮೇಲಿನ 60 ಅಥವಾ 90 ದಿನದ ಔಷಧಿ ಖರ್ಚನ್ನು ಎಷ್ಟೋ ಪಾಲಿಸಿಗಳು ಕೊಡುತ್ತವೆ, ಬಿಲ್ಲಿನಲ್ಲಿ ರೋಗಿಯ ಹೆಸರು, ಡಾಕ್ಟರ್ ಹೆಸರು ಬರೆಸಿ.

ಒಂದು ವಿಷಯ ಊರಿನವರಿಗಾಗಿ. ತೋಟದಲ್ಲಿ ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಹೊಡೆಯುತ್ತೇವಲ್ಲ, ಹೆಸರಿನ ಬಾಲ ನೋಡಿ. ಅವೂ ಇದೇ ವಂಶದವು, ಬೂಷ್ಟಿನ ಅದೇ ಜಾಗಕ್ಕೆ ಹೊಡೆಯುವಂಥವು. ಹೊಲದಲ್ಲಿ ಇವಕ್ಕೆ ಬಗ್ಗದ ಆಸ್ಪರ್ಜಿಲಸ್ ಬೆಳೆದು, ಆಮೇಲೆ ಮನುಷ್ಯರ ಔಷಧಿಗೂ ಬಗ್ಗದೆ ಹೋದದ್ದು ಮೊದಲು ನೆದರ್ಲೆಂಡ್ಸ್‌ನಲ್ಲಿ ಕಂಡಿತು, ನಂತರ ಭಾರತದಲ್ಲೂ ಸಿಕ್ಕಿದೆ. ಅಡಿಕೆ ಬೆಳೆಯುವವರು ಹೊಡೆಯದೆ ಇರಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಟ್ರಾನ್ಸ್‌ಪ್ಲಾಂಟ್ ಆದವರು ಔಷಧಿ ಹೊಡೆದ ತೋಟಕ್ಕೆ, ಅಡಿಕೆ ಸುಲಿಯುವ ಜಾಗಕ್ಕೆ, ಕೊಟ್ಟಿಗೆಗೆ ಹೋಗುವಂತಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ. ಮಾತ್ರೆ ಇದೆಯಲ್ಲ ಅಂತ ಸುಗ್ಗಿಗೆ ಊರಿಗೆ ಕರೆದುಕೊಂಡು ಹೋಗೋಣ ಅಂದ ದೊಡ್ಡಪ್ಪನಿಗೆ ಇಲ್ಲ ಅಂತ ಹೇಳಿದ್ದು ಅಮ್ಮ, ನಾನಲ್ಲ.

ಮಾತ್ರೆ ನಡೆಯುತ್ತಿರುವಾಗಲೂ ಫಂಗಸ್ ಬರಬಹುದು. ಜ್ವರ, ಒಣ ಕೆಮ್ಮು, ಎದೆಯ ಒಂದು ಬದಿ ನೋವು, ಕಫದಲ್ಲಿ ರಕ್ತ, ಮೂಗು ಕಟ್ಟಿ ಮುಖದ ಒಂದು ಕಡೆ ನೋವು ಬಂದರೆ ಅವತ್ತೇ ಫೋನ್ ಮಾಡಬೇಕು. ಎಕ್ಸ್‌ರೇಯಲ್ಲಿ ಕಾಣದ್ದು ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ. ಆಸ್ಪರ್ಜಿಲಸ್ ಪತ್ತೆಗೆ ಗ್ಯಾಲಕ್ಟೊಮನ್ನನ್ ಅನ್ನುವ ರಕ್ತದ ಟೆಸ್ಟ್ ಇದೆ, ಆದರೆ ಈ ಮಾತ್ರೆ ನುಂಗುತ್ತಾ ಏನೂ ತೊಂದರೆ ಇಲ್ಲದವರಿಗೆ ವಾರವಾರ ಮಾಡಿಸಿ ಪ್ರಯೋಜನ ಕಡಿಮೆ. ಆ ದುಡ್ಡನ್ನು ಲೆವೆಲ್ ಟೆಸ್ಟಿಗೆ ಇಡಿ.

ಎಷ್ಟು ಕಾಲ ಅಂತ ಎಲ್ಲರೂ ಕೇಳುತ್ತಾರೆ. ಸ್ಟಿರಾಯ್ಡ್ ಸಾಕಷ್ಟು ಇಳಿದು, ಜಿವಿಎಚ್‌ಡಿ ಅಡಗಿ, ಡಾಕ್ಟರ್ ಹೇಳುವವರೆಗೆ. ತಮ್ಮನದು ಈಗ ನಿಂತಿದೆ. ನಿಂತ ಮರುವಾರವೇ ಟ್ಯಾಕ್ರೋ ಲೆವೆಲ್ ನೋಡಿ ಡೋಸ್ ಏರಿಸಿದರು. ಒಡೆಯದ ಸ್ಟ್ರಿಪ್ಪುಗಳು ಉಳಿದಿದ್ದವು, ಬಿಲ್ ಇಟ್ಟುಕೊಂಡಿದ್ದರಿಂದ ಸಗಟು ಅಂಗಡಿಯವರು ವಾಪಸ್ ತೆಗೆದುಕೊಂಡರು. ಒಂದೇ ಸಲಕ್ಕೆ ಎರಡು ತಿಂಗಳದ್ದು ಕೊಳ್ಳಬೇಡಿ, ಹದಿನೈದು ದಿನದ್ದು ಸಾಕು, ಡೋಸ್ ಯಾವಾಗ ಬೇಕಾದರೂ ಬದಲಾಗುತ್ತದೆ.